ಅಂಕಣ ಬಿಟ್ಟು ಅಂಗಳಕ್ಕೆ

ಪ್ರಶ್ನೆ: ಆರು ವರ್ಷದಿಂದ ಒಂದು ವೆಬ್‌ಸೈಟ್‌ಗೆ ಕ್ರಿಕೆಟ್ ಅಂಕಣ ಬರೆಯುತ್ತಿದ್ದೇನೆ. ಈಗೀಗ ತಲೆಬರಹದಲ್ಲಿ ಕೊಹ್ಲಿ, ಧೋನಿ ಇಲ್ಲದಿದ್ದರೆ ಹಾಕೋದೇ ಇಲ್ಲ. ಬಿಟ್ಟು ಸ್ವಂತ ಬ್ಲಾಗ್ ಶುರುಮಾಡುವ ಆಸೆ. ಮನೆಯಲ್ಲಿ "ತೋಟ ಇದೆ ಅನ್ನೋ ಧೈರ್ಯನಾ?" ಅಂತ ಕೇಳುತ್ತಾರೆ. ಅಮೆರಿಕದ ಕ್ರೀಡಾ ಅಂಕಣಕಾರ ಬಿಲ್ ಸಿಮನ್ಸ್ ಹೀಗೇ ಬಿಟ್ಟು ಗೆದ್ದರಂತಲ್ಲ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತೋಟ ಇದ್ದರೆ ಇದೆ ಅನ್ನಿ, ನಾಚಿಕೆ ಯಾಕೆ? ನನಗೆ ಇರಲಿಲ್ಲ. ನಾನು ಬರೆಯುತ್ತಿದ್ದ ತಾಣದವರು ಒಂದು ದಿನ ಫೋನೂ ಮಾಡದೆ ಅಂಕಣ ನಿಲ್ಲಿಸಿದರು. ಸ್ವಲ್ಪ ದಿನಕ್ಕೆ ಹಳೆಯ ಲಿಂಕ್‌ಗಳೂ ಸತ್ತವು. ನಾಲ್ಕು ವರ್ಷದ ಬರವಣಿಗೆಯಲ್ಲಿ ಕೈಯಲ್ಲಿ ಉಳಿದದ್ದು ಇಮೇಲ್‌ನಲ್ಲಿ ಕಳಿಸಿದ್ದಷ್ಟೇ. ಹಾಗಾಗಿ ರಾಜೀನಾಮೆ ಆಮೇಲೆ, ಮೊದಲು ನಿಮ್ಮ ಲೇಖನಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ. ಹಕ್ಕು ಯಾರದ್ದು ಅಂತ ಒಪ್ಪಂದ ತೆಗೆದು ಓದಿ.

ಸಿಮನ್ಸ್ ಕಥೆ ನೀವು ಅಂದುಕೊಂಡಷ್ಟು ಸಲೀಸಲ್ಲ. 1997ರಲ್ಲಿ ಬಾಸ್ಟನ್‌ನ ಒಂದು ತಾಣಕ್ಕೆ ಬರೆಯಲು ಶುರುಮಾಡಿದಾಗ ಹೊಟ್ಟೆಪಾಡಿಗೆ ಬಾರಿನಲ್ಲಿ ಕೆಲಸ ಮಾಡುತ್ತಿದ್ದರು. ಪತ್ರಕರ್ತರು ಕೂರುವ ಪ್ರೆಸ್ ಬಾಕ್ಸ್ ಬಿಟ್ಟು, ಮನೆಯ ಸೋಫಾದಲ್ಲಿ ಕೂತ ಅಭಿಮಾನಿ ಥರ ಬರೆದರು, ಅದೇ ಹಿಡಿಸಿತು. 2001ಕ್ಕೆ ಕ್ರೀಡಾ ವಾಹಿನಿ ಇಎಸ್‌ಪಿಎನ್, 2011ಕ್ಕೆ ಅಲ್ಲೇ ಗ್ರಾಂಟ್‌ಲ್ಯಾಂಡ್ ಅನ್ನೋ ತಾಣ. 2014ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಮುಖ್ಯಸ್ಥರನ್ನು ಸುಳ್ಳುಗಾರ ಅಂತ ಅಂದುಬಿಟ್ಟರು, ಮೂರು ವಾರ ಅಮಾನತು. ಮುಂದಿನ ವರ್ಷ ಒಪ್ಪಂದ ಮುಂದುವರಿಸಲಿಲ್ಲ, ಗ್ರಾಂಟ್‌ಲ್ಯಾಂಡೂ ಬಾಗಿಲು ಹಾಕಿತು. 2016ರಲ್ಲಿ ದಿ ರಿಂಗರ್ ಅನ್ನೋ ಸ್ವಂತ ತಾಣ ಶುರುಮಾಡಿದರು, 2020ರಲ್ಲಿ ಹಾಡು ಕೇಳಿಸುವ ಆ್ಯಪ್‌ನ ಕಂಪನಿ ಸ್ಪಾಟಿಫೈ ಅದನ್ನು ಕೊಂಡಿತು. ಕೊಂಡದ್ದು ಮುಖ್ಯವಾಗಿ ಪಾಡ್‌ಕಾಸ್ಟ್‌ಗಳಿಗಾಗಿ, ಬರಹಕ್ಕಲ್ಲ ಅನ್ನೋದನ್ನ ನಾವು ಬರೆಯೋರು ಸುಮ್ನೆ ನುಂಗಿಕೊಳ್ಳಬೇಕು. ಸ್ವಂತಕ್ಕೆ ಇಳಿಯುವ ಹೊತ್ತಿಗೆ ಅವರ ಹಿಂದೆ ಸುಮಾರು ಹತ್ತೊಂಬತ್ತು ವರ್ಷದ ಓದುಗರಿದ್ದರು. ನನಗೆ? ಬ್ಲಾಗ್ ಶುರುಮಾಡಿದ ಮೊದಲ ತಿಂಗಳು ಓದುಗರಿಂದ ಯುಪಿಐನಲ್ಲಿ ಬಂದದ್ದು 350 ರೂಪಾಯಿ. ಅದರಲ್ಲಿ 200 ಭಾವನದ್ದು.

ಆದರೂ ಬಿಡಬೇಡಿ ಅಂತ ಹೇಳಲ್ಲ. ಕೊಹ್ಲಿ ಬಗ್ಗೆ ಬರೆಯೋಕೆ ಸಾವಿರ ಜನ ಇದ್ದಾರೆ, ಅವರ ಜೊತೆ ಓಡಬೇಡಿ ಅಂತೀನಿ. 2024ರ ಜನವರಿ 15, ಸಂಕ್ರಾಂತಿ. ನಮ್ಮ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕೂಚ್ ಬೆಹಾರ್ ಟ್ರೋಫಿ ಫೈನಲ್, 19 ವರ್ಷದೊಳಗಿನ ಹುಡುಗರದ್ದು. ಮುಂಬೈನ 380ಕ್ಕೆ ಕರ್ನಾಟಕ 8 ವಿಕೆಟ್‌ಗೆ 890 ಹೊಡೆಯಿತು. ಪ್ರಖರ್ ಚತುರ್ವೇದಿ ಒಬ್ಬರದ್ದೇ ಔಟಾಗದೆ 404, ಅದೂ 638 ಎಸೆತ ಆಡಿ. 1999ರ ಫೈನಲ್‌ನಲ್ಲಿ ಯುವರಾಜ್ ಸಿಂಗ್ ಹೊಡೆದಿದ್ದ 358 ಹಿಂದೆ ಬಿತ್ತು. ಸಂಜೆ ಹೊತ್ತಿಗೆ ದೇಶವೆಲ್ಲ ಆ 404 ಓಡಾಡಿತು.

ನಾನು ಅಲ್ಲಿದ್ದೆ. ಪಕ್ಕದಲ್ಲಿದ್ದ ಹಿರಿಯರು ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಎಳ್ಳುಬೆಲ್ಲ ಹಾಕಿ, ಬೌಂಡರಿ ಕಡೆ ನೋಡಿ, "ಪಾಪ, ಆ ಮುಂಬೈ ಹುಡುಗಂಗೂ ಯಾರಾದ್ರೂ ಒಂಚೂರು ಕೊಡ್ರಪ್ಪಾ" ಅಂದರು. ಆ ಹುಡುಗ ಮೊಣಕಾಲಿಗೆ ಕೈ ಕೊಟ್ಟು ನಿಂತಿದ್ದ, ಪ್ಯಾಂಟಿನ ಒಂದು ಬದಿ ಪೂರ್ತಿ ಕೆಂಪು ಮಣ್ಣು. ಬ್ಲಾಗಿನಲ್ಲಿ ನಾನು ಬರೆದದ್ದು ಅವನ ಬಗ್ಗೆ, 223 ಓವರ್ ಫೀಲ್ಡಿಂಗ್ ಮಾಡಿದವನ ಬಗ್ಗೆ. ಇವತ್ತಿಗೂ ಜಾಸ್ತಿ ಓದಿಸಿಕೊಂಡದ್ದು ಅದೇ. ಹಳೆಯ ಸಂಪಾದಕರಾಗಿದ್ದರೆ ಹಾಕುತ್ತಿರಲಿಲ್ಲ. ಆದರೆ ಅವರಾಗಿದ್ದರೆ ನಾನು ಬಿಟ್ಟ ಎರಡು ತಪ್ಪು ಹಿಡಿಯುತ್ತಿದ್ದರು, ಅದೂ ನಿಜ. ತಪ್ಪು ಹಿಡಿಯೋಕೆ ಒಬ್ಬ ಸ್ನೇಹಿತರನ್ನು ಈಗಲೇ ಹುಡುಕಿಕೊಳ್ಳಿ.

ಪ್ರಶ್ನೆ: ಸ್ಕೋರು ಆ ಕ್ಷಣಕ್ಕೇ ಮೊಬೈಲಲ್ಲಿ ಸಿಗುತ್ತದೆ. ಮ್ಯಾಚ್ ಮುಗಿದ ಮೇಲೆ ಯಾರು ಓದುತ್ತಾರೆ ಸ್ವಾಮಿ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಭದ್ರಾವತಿಯಿಂದ ಈ ಪ್ರಶ್ನೆಯೇ? ನಿಮ್ಮೂರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ಔಟಾಗದೆ 97 ಹೊಡೆದರು. ತಂಡದ್ದು ಒಟ್ಟು 190. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ಸ್ಕೋರು ಇಷ್ಟೇ. ಟೆಸ್ಟ್‌ನಲ್ಲಿ ಅವರದ್ದು 14 ಶತಕ ಇವೆ, ಆದರೂ ಹಳಬರು ಮೂರು ರನ್ ಕಮ್ಮಿಯಾದ ಈ ಆಟವನ್ನೇ ಹೇಳುತ್ತಾರೆ, ಜೊತೆಗಾರರು ಒಬ್ಬೊಬ್ಬರೇ ವಾಪಸ್ ಹೋಗುವಾಗ ಈ ಕುಳ್ಳ ಮನುಷ್ಯ ಹೇಗೆ ಸ್ಕ್ವೇರ್ ಕಟ್ ಮಾಡುತ್ತಿದ್ದರು ಅಂತ ಕೈ ಬೀಸಿ ತೋರಿಸುತ್ತಾರೆ. ಆ ಕೈ ಬೀಸೋದನ್ನ ಮೊಬೈಲ್ ಕೊಡಲ್ಲ, ಅಲ್ವಾ?

ಪ್ರಶ್ನೆ: ಜೂನ್ ಬಂತೆಂದರೆ ನಮ್ಮಲ್ಲಿ ಕ್ರಿಕೆಟ್ಟೂ ಇಲ್ಲ, ಕರೆಂಟೂ ಇಲ್ಲ. ಏನು ಬರೆಯೋದು?
– ಓದುಗರೊಬ್ಬರು, ಸಾಗರ

ಉತ್ತರ: ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ನೋಟ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿರಲಿ, ಪೆನ್ಸಿಲ್ ಒಯ್ಯಿರಿ. ಬದುವಿನ ಮೇಲೆ ನಿಂತು ಬರೆದುಕೊಂಡು ಬರುತ್ತೇನೆ ಅಂದುಕೊಂಡಿದ್ದರೆ ಅದು ಆಗದ ಮಾತು, ಎಳೆದು ಹಾಕೇ ಹಾಕುತ್ತಾರೆ.