ಗಟಾರ, ಬೀದಿದೀಪದ ದೂರು ಪಂಚಾಯ್ತಿಯಲ್ಲಿ ಯಾಕೆ ಮುಂದೆ ಸರಿಯುವುದಿಲ್ಲ? ಯಾರಿಗೆ, ಹೇಗೆ ಕೊಡಬೇಕು?

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಹಳ್ಳಿ ನಮ್ಮದು. ಓಣಿಯ ಗಟಾರ ತುಂಬಿ ನೀರು ರಸ್ತೆಗೆ ಬರುತ್ತಿದೆ. ಎರಡು ಕಂಬದಲ್ಲಿ ದೀಪವಿಲ್ಲ. ತಿರುವಿನಲ್ಲಿದ್ದ ಸಿ.ಡಿ. (ರಸ್ತೆಯಡಿ ನೀರು ಹಾಯುವ ಸಣ್ಣ ಮೋರಿ) ಕಬ್ಬಿನ ಟ್ರ್ಯಾಕ್ಟರ್ ಹಾಯ್ದು ಹಾಯ್ದು ಕುಸಿದಿದೆ. ಮೆಂಬರಿಗೆ ಹೇಳಿದರೆ "ಫಂಡ್ ಇಲ್ರಿ", ಪಂಚಾಯ್ತಿಗೆ ಹೋದರೆ "ನೋಡೂಣು ಬಿಡ್ರಿ". ಏನು ಮಾಡಬೇಕು?

ಉತ್ತರ:

ನೀವು ಒಂದೇ ಉಸಿರಿನಲ್ಲಿ ಹೇಳಿದ ಮೂರರಲ್ಲಿ ಎರಡು ದುರಸ್ತಿ, ಒಂದು ಹೊಸ ಕಾಮಗಾರಿ. ಹಳ್ಳಿಯ ದೂರುಗಳು ಹೆಚ್ಚಾಗಿ ಸಾಯುವುದೇ ಇಲ್ಲಿ. ಗಟಾರ ಬಳಿಯುವುದು, ದೀಪ ಹಾಕುವುದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ತಮ್ಮ ಮಟ್ಟದಲ್ಲೇ ಮಾಡಿಸಬಹುದಾದ ಕೆಲಸ. ಕುಸಿದ ಸಿ.ಡಿ. ಹೊಸದಾಗಿ ಕಟ್ಟಬೇಕೆಂದರೆ ಅದು ಸಭೆಯಲ್ಲಿ ಠರಾವು (ನಿರ್ಣಯ) ಆಗಬೇಕು, ಕ್ರಿಯಾಯೋಜನೆಯಲ್ಲಿ ಸೇರಬೇಕು, ಅಂದಾಜು ಪಟ್ಟಿ ಆಗಬೇಕು. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ದೊಡ್ಡ ಕೆಲಸಕ್ಕೆ ದುಡ್ಡಿಲ್ಲ ಎಂಬ ನೆಪದಲ್ಲಿ ಸಣ್ಣವೂ ಕೂತುಬಿಡುತ್ತವೆ. ಹಾಗಾಗಿ ಮೂರು ಬೇರೆ ಬೇರೆ ಅರ್ಜಿ ಬರೆಯಿರಿ.

ಬರೆಯುವ ಮೊದಲು ಕೆಲಸ ಯಾರದ್ದು ಅಂತ ಖಚಿತ ಮಾಡಿಕೊಳ್ಳಿ. ನಿಮ್ಮ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಊರುಗಳ ಪುನರ್ವಸತಿ ಕೇಂದ್ರದಲ್ಲಿ ನಿಮ್ಮ ಮನೆಯಿದ್ದರೆ, ಆ ರಸ್ತೆ-ಗಟಾರ ಪಂಚಾಯ್ತಿಗೆ ಹಸ್ತಾಂತರ ಆಗಿದೆಯಾ ಎಂದು ಮೊದಲು ಕೇಳಿ. ಆಗಿಲ್ಲದಿದ್ದರೆ ಪಿಡಿಒ "ಇದು ನಮಗೆ ಬರೋದಿಲ್ಲ" ಎನ್ನುವುದರಲ್ಲಿ ಅರ್ಥವಿದೆ. ಆಗ ಬಾಗಲಕೋಟೆ ನವನಗರದ ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಕಚೇರಿಗೆ ಬರೆದು, ಪಂಚಾಯ್ತಿಗೆ ಪ್ರತಿ ಕೊಡಬೇಕು. ಹಸ್ತಾಂತರ ಆಗಿದೆಯೋ ಇಲ್ಲವೋ ಎಂಬುದನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಪತ್ರ ತೋರಿಸಲು ಹೇಳಿ.

ತಿರುವಿನ ಸಿ.ಡಿ. ಊರೊಳಗಿನ ರಸ್ತೆಯಲ್ಲಿದ್ದರೆ ಪಂಚಾಯ್ತಿಯದು. ಊರಿಂದೂರಿಗೆ ಹೋಗುವ ರಸ್ತೆಯ ಮೇಲಿದ್ದರೆ ಅದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದೋ ಲೋಕೋಪಯೋಗಿಯದೋ ಇರುತ್ತದೆ. ಹತ್ತಿರದ ಕಿಲೋಮೀಟರ್ ಕಲ್ಲು ನೋಡಿ: ತಲೆ ಹಸಿರಿದ್ದರೆ ರಾಜ್ಯ ಹೆದ್ದಾರಿ, ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮ ಸಡಕ್ ಯೋಜನೆಯದು. ಇನ್ನೊಂದು ಗೊಂದಲ ತಲಾಟಿಯವರದು. ತಲಾಟಿ (ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ) ಕಂದಾಯ ಇಲಾಖೆಯವರು. ಹೊಲದ ಉತಾರ (ಪಹಣಿ), ಗೈರಾಣ (ಗೋಮಾಳ) ಜಮೀನಿನ ಒತ್ತುವರಿ ಅವರ ಕಡೆ. ಗಟಾರ, ನೀರು, ದೀಪ, ಮನೆಯ ಆಸ್ತಿಯ ಖಾತೆ ಪಿಡಿಒ ಕಡೆ. ಚಾವಡಿಗೆ (ತಲಾಟಿ ಕಚೇರಿಗೆ) ಹೋಗಿ ಗಟಾರದ ಅರ್ಜಿ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ. ನಿಮ್ಮೂರು ಪಟ್ಟಣ ಪಂಚಾಯಿತಿ ಆಗಿದ್ದರೆ ಮಾತ್ರ ಮುಖ್ಯಾಧಿಕಾರಿಗೆ ಬರೆಯಬೇಕು.

ದೀಪದ ವಿಷಯ ರಾತ್ರಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಸಾಲಿನ ಉಳಿದ ದೀಪ ಉರಿದು ಎರಡೇ ಆರಿದ್ದರೆ ಬಲ್ಬು ಅಥವಾ ಫಿಟಿಂಗ್ ಹೋಗಿದೆ, ಪಂಚಾಯ್ತಿ ಬದಲಿಸಬೇಕು. ಇಡೀ ಸಾಲು ಕತ್ತಲಾಗಿದ್ದರೆ ಬೀದಿದೀಪದ ತಂತಿ, ಸ್ವಿಚ್ಚಿನ ಪೆಟ್ಟಿಗೆ ಅಥವಾ ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆ ತೊಂದರೆ. ಅದಕ್ಕೆ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಎರಡೂ ಸಂದರ್ಭದಲ್ಲಿ ಕಂಬದ ಮೇಲಿನ ಸಂಖ್ಯೆ ಬೇಕು. ಸಂಖ್ಯೆ ಅಳಿಸಿಹೋಗಿದ್ದರೆ "ಹನುಮಪ್ಪನ ಗುಡಿಯಿಂದ ಉತ್ತರಕ್ಕೆ ಮೂರನೇ ಕಂಬ" ಎಂದಾದರೂ ಬರೆಯಿರಿ. ಓಣಿಯ ಹುಡುಗರನ್ನು ಕಂಬಕ್ಕೆ ಹತ್ತಿಸಬೇಡಿ. ಬೀದಿದೀಪ ಆಫ್ ಇದ್ದರೂ ಅದೇ ಕಂಬದ ಬೇರೆ ತಂತಿಗಳಲ್ಲಿ ಕರೆಂಟು ಇರುತ್ತದೆ.

ಗಟಾರ ಸ್ವಲ್ಪ ಹೆಚ್ಚು ನೋಡಬೇಕಾದದ್ದು. ಬಳಿದ ಹದಿನೈದು ದಿನಕ್ಕೆ ಮತ್ತೆ ತುಂಬುತ್ತದೆ ಎಂದರೆ ಸಮಸ್ಯೆ ಕಸದ್ದಲ್ಲ, ಇಳಿಜಾರಿನದ್ದು ಅಥವಾ ಕೊನೆಯದ್ದು. ಹೂಳು ತೆಗೆದ ದಿನವೇ ಮೇಲಿನ ತುದಿಯಲ್ಲಿ ನಾಲ್ಕು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ನಡುವೆ ನಿಂತರೆ ಅಲ್ಲಿ ತಳ ಎತ್ತರವಾಗಿದೆ. ಕೊನೆಯಲ್ಲಿ ನಿಂತರೆ ಹಳ್ಳಕ್ಕೋ ದೊಡ್ಡ ಗಟಾರಕ್ಕೋ ಕೂಡಿಸಿಲ್ಲ ಎಂದರ್ಥ. ಇದನ್ನು ಅರ್ಜಿಯಲ್ಲಿ ಬರೆದರೆ ಇಂಜಿನಿಯರಿಗೂ ಉತ್ತರ ಕೊಡಲೇಬೇಕಾಗುತ್ತದೆ. ಜೊತೆಗೆ ಕಹಿ ಸಂಗತಿಯೊಂದು: ಗಟಾರದ ಮೇಲೆ ಕಟ್ಟೆ, ಮೆಟ್ಟಿಲು, ಬಂಡಿ ಹತ್ತಿಸುವ ಕಲ್ಲು ಹಾಸಿದ ಮನೆಗಳು ನಿಮ್ಮ ಓಣಿಯಲ್ಲೂ ಇರುತ್ತವೆ. ಕೂಲಿಯವರ ಸನಿಕೆ ಅಲ್ಲಿ ಹೋಗುವುದಿಲ್ಲ. ಪಿಡಿಒ ಬಂದ ತಕ್ಷಣ ಕೇಳುವ ಮೊದಲ ಪ್ರಶ್ನೆ ಅದೇ. ಕಲ್ಲು ಎತ್ತಿ ಕೊಡುತ್ತೇವೆ ಎಂದು ಆ ಮನೆಯವರಿಂದಲೇ ಅರ್ಜಿಗೆ ಸಹಿ ಹಾಕಿಸಿಕೊಳ್ಳಿ. ಇದನ್ನು ಬಿಟ್ಟರೆ ಬಾಕಿ ಶ್ರಮ ವ್ಯರ್ಥ ಅನ್ನಿಸುತ್ತದೆ ನನಗೆ. ಕುಡಿಯುವ ನೀರಿನ ಪೈಪು ಗಟಾರದೊಳಗಿಂದ ಹಾಯ್ದಿದ್ದರೆ ಅದನ್ನು ಪ್ರತ್ಯೇಕ ಅರ್ಜಿಯಲ್ಲಿ ಬರೆದು ನೀರಿನ ಪರೀಕ್ಷೆ ಕೇಳಿ. ಓಣಿಯಲ್ಲಿ ವಾಂತಿ-ಭೇದಿ ಕಾಣಿಸಿಕೊಂಡಿದ್ದರೆ ಅರ್ಜಿಗೆ ಕಾಯದೆ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅದೇ ದಿನ ತಿಳಿಸಿ.

ಅರ್ಜಿ ಅರ್ಧ ಹಾಳೆ ಸಾಕು. ಪಿಡಿಒ ಅವರಿಗೆ ಬರೆದು, ಅಧ್ಯಕ್ಷರಿಗೆ ಪ್ರತಿ. ಮಾದರಿ ಹೀಗಿರಲಿ:

"ವಿಷಯ: 2ನೇ ವಾರ್ಡಿನ ಗಟಾರದ ಹೂಳು ತೆಗೆಸುವ ಬಗ್ಗೆ. ಮಾನ್ಯರೇ, ನಮ್ಮ ಓಣಿಯಲ್ಲಿ ಗುಡಿಯಿಂದ ಅಂಗನವಾಡಿಯವರೆಗಿನ ಸುಮಾರು 60 ಮೀಟರ್ ಗಟಾರ ತುಂಬಿ ಕೊಳಚೆ ನೀರು ರಸ್ತೆಗೆ ಹರಿಯುತ್ತಿದೆ. ಅಂಗನವಾಡಿ ಮಕ್ಕಳು ಅದೇ ದಾರಿಯಲ್ಲಿ ಹೋಗುತ್ತಾರೆ. ಅಂಗನವಾಡಿ ಎದುರು ಗಟಾರದ ತಳ ಎತ್ತರವಿದ್ದು ನೀರು ಮುಂದೆ ಹೋಗುವುದಿಲ್ಲ. ಗಟಾರದ ಮೇಲಿನ ಕಲ್ಲುಗಳನ್ನು ಎತ್ತಿಕೊಡಲು ಮನೆಯವರು ಒಪ್ಪಿದ್ದಾರೆ. ಸಕಾಲ ಕಾಯ್ದೆಯ ಅವಧಿಯೊಳಗೆ ಹೂಳು ತೆಗೆಸಿ, ತೆಗೆದ ಕೆಸರನ್ನು ಸಾಗಿಸಬೇಕೆಂದು ಕೋರುತ್ತೇವೆ. ಲಗತ್ತು: ಫೋಟೋ 3, ಸಹಿ ಪಟ್ಟಿ."

"ತೆಗೆದ ಕೆಸರನ್ನು ಸಾಗಿಸಬೇಕು" ಎಂಬ ಮಾತು ಬಿಡಬೇಡಿ. ಕೆಸರನ್ನು ದಂಡೆಗೆ ಹಾಕಿ ಹೋಗುತ್ತಾರೆ, ಮೊದಲ ಮಳೆಗೆ ಅದು ಮರಳಿ ಗಟಾರಕ್ಕೇ. ಫೋಟೋದಲ್ಲಿ ದಿನಾಂಕ, ಜಾಗ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿ. ಹದಿನೈದಿಪ್ಪತ್ತು ಸಹಿ ಸಾಕು, ಅರ್ಧದಷ್ಟು ಹೆಂಗಸರದ್ದಿರಲಿ. ಹೆಸರಿನ ಮುಂದೆ ಮನೆಯ ಆಸ್ತಿ ಸಂಖ್ಯೆ ಬರೆಸಿ. ಮನೆಪಟ್ಟಿ, ನೀರಿನ ಕರ ಬಾಕಿ ಇದ್ದರೆ ಕಟ್ಟಿಬಿಡಿ. ಬಾಕಿ ಇದೆಯೆಂದು ದೂರು ತಿರಸ್ಕರಿಸುವಂತಿಲ್ಲ, ಆದರೆ "ಮೊದಲು ಕರ ಕಟ್ರಿ" ಎಂಬ ಮಾತಿಗೆ ನೀವೇ ಎಡೆ ಕೊಟ್ಟಂತಾಗುತ್ತದೆ. ಮೊದಲ ಅರ್ಜಿಯಲ್ಲಿ ಯಾರು ತಿಂದರು, ಯಾವ ಪಾರ್ಟಿ ಎಂಬುದೆಲ್ಲ ಬೇಡ. ಅದು ಗಟಾರದ ಅರ್ಜಿಯನ್ನು ಜಗಳದ ಅರ್ಜಿ ಮಾಡುತ್ತದೆ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಪಂಚಾಯ್ತಿಯ ಸೀಲು, ದಿನಾಂಕ, ಇನ್‌ವರ್ಡ್ ನಂಬರ್, ಸಹಿ ನಾಲ್ಕೂ ಬೇಕು. ಸೀಲು ಮಾತ್ರ ಹಾಕಿಸಿಕೊಂಡು ಬಂದರೆ ಆವಕ ಪುಸ್ತಕದಲ್ಲಿ ಅರ್ಜಿ ಏರಿಲ್ಲದಿರಬಹುದು. "ಸಾಹೇಬ್ರು ಇಲ್ಲ, ನಾಳೆ ಬರ್ರಿ" ಎಂದರೆ ಕಾರ್ಯದರ್ಶಿಗೋ ಆಪರೇಟರಿಗೋ ಕೊಡಿ, ಪಿಡಿಒ ಖುದ್ದು ಇರಬೇಕೆಂದಿಲ್ಲ. ತೆಗೆದುಕೊಳ್ಳಲೇ ಇಲ್ಲವೆಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ಬರೆದ ಸಕಾಲ ಎಂದರೆ ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನದೊಳಗೆ ಕೊಡಬೇಕೆನ್ನುವ ಕಾಯ್ದೆ. ಅದರಲ್ಲಿ ಪಂಚಾಯ್ತಿಯ ಬೀದಿದೀಪ ನಿರ್ವಹಣೆಗೂ ಕುಡಿಯುವ ನೀರಿನ ಸಣ್ಣ ದುರಸ್ತಿಗೂ 3 ದಿನ, ಗ್ರಾಮ ನೈರ್ಮಲ್ಯಕ್ಕೆ 7 ದಿನ. ಅದಕ್ಕೆ ಜಿಎಸ್‌ಸಿ ಸಂಖ್ಯೆಯಿರುವ (ಸಕಾಲ ಅರ್ಜಿಯ ಗುರುತಿನ ಸಂಖ್ಯೆ) ಸ್ವೀಕೃತಿ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ದಿನದ ಎಣಿಕೆಯೇ ಶುರುವಾಗುವುದಿಲ್ಲ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಚಿಲ್ಲರೆ, ಆದರೆ ವಿಳಂಬ ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆ, ಅವರಿಗೆ ಬಿಸಿ ತಟ್ಟುವುದು ಅದರಿಂದ. ಮುಂದಿನ ಮೆಟ್ಟಿಲು ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಆಮೇಲೆ ಜಿಲ್ಲಾ ಪಂಚಾಯಿತಿಯ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ಇನ್‌ವರ್ಡ್ ಪ್ರತಿಯ ಝೆರಾಕ್ಸ್ ಹಚ್ಚಿ ಕೊಡಿ.

1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲೂ ದಾಖಲಿಸಬಹುದು. ಅದರ ಮೇಲೆ ಅತಿಯಾದ ಭರವಸೆ ಬೇಡ: ಬೆಂಗಳೂರು ಸುತ್ತಿ ದೂರು ಕೊನೆಗೆ ನಿಮ್ಮ ಪಂಚಾಯ್ತಿಗೇ ಬರುತ್ತದೆ, "ಕ್ರಮ ಕೈಗೊಳ್ಳಲಾಗಿದೆ" ಎಂದು ಮುಚ್ಚಿಬಿಡುವುದೂ ಉಂಟು. ಇನ್‌ವರ್ಡ್ ನಂಬರನ್ನು ಅಲ್ಲೂ ಬರೆಸಿದರೆ ಹಾಗೆ ಮುಚ್ಚುವುದು ಕಷ್ಟ.

ಇನ್ನು ಸಿ.ಡಿ. ಇದಕ್ಕೆ ಜಾಗ ವಾರ್ಡ್ ಸಭೆ ಮತ್ತು ಗ್ರಾಮಸಭೆ. ಕಾಯ್ದೆಯಂತೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ವಾರ್ಡ್ ಸಭೆಯ ಕೋರಂ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಅಂದರೆ ಒಂದು ಓಣಿ ಎದ್ದು ಬಂದರೆ ಸಭೆ ನಿಮ್ಮದೇ. ಹೇಳಿ ಬಂದರೆ ಮಾತ್ರ ಸಾಲದು, ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆಯುವವರೆಗೆ ಏಳಬೇಡಿ. ಆಮೇಲೆ ಠರಾವಿನ ನಂಬರು ತೆಗೆದುಕೊಳ್ಳಿ. ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಯೋಜನೆ ಮಂಜೂರಾದ ಮೇಲೆ, ಮಳೆಗಾಲದಲ್ಲಿ ಹೋಗಿ ಕೇಳಿದರೆ "ಮುಂದಿನ ವರ್ಷ" ಎನ್ನುವುದು ಬರೀ ಸಬೂಬಲ್ಲ. ನೀವು ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೇ ಸಭೆಯಲ್ಲಿ ಎತ್ತಬೇಕು. ಸೇರಿತೋ ಇಲ್ಲವೋ ಎಂಬುದನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯ್ತಿ ಹೆಸರು ಒತ್ತಿ ನೋಡಬಹುದು. ಪಂಚಾಯ್ತಿಯ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅರ್ಜಿ ಅವರ ಹೆಸರಿಗೂ ಹೋಗಲಿ.

"ಫಂಡ್ ಇಲ್ರಿ" ಎಂಬ ಮಾತನ್ನು ಎಲ್ಲದಕ್ಕೂ ಒಪ್ಪಬೇಕಿಲ್ಲ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವ ಜಾಗ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಇಡಬೇಕು. ಅಲ್ಲಿಗೆ ಹೋಗುವವರು ಕಡಿಮೆ, ಹೋದವರ ಮಾತಿಗೆ ಅದಕ್ಕೇ ತೂಕ ಜಾಸ್ತಿ.

ಅಲ್ಲಿಯೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಗಟಾರ ಯಾಕೆ ಬಳಿದಿಲ್ಲ" ಎಂದು ಕೇಳಬೇಡಿ, "ಯಾಕೆ" ಎಂಬುದಕ್ಕೆ ದಾಖಲೆ ಇರುವುದಿಲ್ಲ. "ಇಂಥ ಇನ್‌ವರ್ಡ್ ನಂಬರಿನ ಅರ್ಜಿಯ ಕಡತದ ಪ್ರತಿ, 2ನೇ ವಾರ್ಡಿನ ಗಟಾರ ಸ್ವಚ್ಛತೆಗೆ ಕಳೆದ ಎರಡು ವರ್ಷ ಪಾವತಿಸಿದ ಬಿಲ್ ಮತ್ತು ಅಳತೆ ಪುಸ್ತಕದ ಪ್ರತಿ" ಎಂದು ಕೇಳಿ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಇಒ ಅವರಿಗೆ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ. ಅದರ ಪೀಠ ಬೆಳಗಾವಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಓಡಬೇಕಿಲ್ಲ.

ಸಿ.ಡಿ. ಕೆಲಸ ಶುರುವಾದ ಮೇಲೂ ಒಂದು ಕಣ್ಣಿಡಿ. ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಅದರ ಮೇಲೆ ಹಾಯುತ್ತದೆ ಎಂಬುದನ್ನು ಅಂದಾಜು ಪಟ್ಟಿ ಮಾಡುವಾಗಲೇ ಇಂಜಿನಿಯರಿಗೆ ಬರವಣಿಗೆಯಲ್ಲಿ ತಿಳಿಸಿ. ಇಲ್ಲದಿದ್ದರೆ ಬೈಕು, ಚಕ್ಕಡಿ ಓಡಾಡುವ ಲೆಕ್ಕದಲ್ಲಿ ಸಣ್ಣ ಪೈಪು ಹೂತು ಮೇಲೆ ತೆಳ್ಳಗೆ ಕಾಂಕ್ರೀಟು ಎಳೆದು ಹೋಗುತ್ತಾರೆ, ಮುಂದಿನ ಹಂಗಾಮಿಗೆ ಮತ್ತೆ ಕುಸಿಯುತ್ತದೆ. ಕಾಂಕ್ರೀಟು ಹಾಕಿದ ಮೇಲೆ ಕನಿಷ್ಠ 7 ದಿನ ಗೋಣಿತಾಟು ಹೊದಿಸಿ ನೀರುಣಿಸಬೇಕು. ನಮ್ಮ ಕಡೆಯ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಗುತ್ತಿಗೆದಾರರ ಆಳು ಬರದಿದ್ದರೆ ಓಣಿಯವರೇ ಎರಡು ಹೊತ್ತು ಕೊಡ ನೀರು ಹಾಕಿ. ನೀರು ಸುರಿದು ಹರಿವು ನೋಡುವ ಪರೀಕ್ಷೆಯನ್ನು ಇಲ್ಲೂ ಮಾಡಿ, ಅದು ಬಿಲ್ ಪಾವತಿಗೆ ಮೊದಲೇ ಆಗಲಿ. ನೀರು ನಿಂತರೆ ಫೋಟೋ ತೆಗೆದು ಅದೇ ದಿನ ಪಿಡಿಒ ಅವರಿಗೆ ಅರ್ಜಿ ಕೊಟ್ಟು ಇನ್‌ವರ್ಡ್ ಮಾಡಿಸಿ. ಪಾವತಿ ಆದಮೇಲೆ ಗುತ್ತಿಗೆದಾರರನ್ನು ಮರಳಿ ಕರೆಸುವುದು ಬಹಳ ಕಷ್ಟ.