ಶಾಲೆಯ ಗಾಡಿಯಲ್ಲಿ ಮಗನಿಗೆ ಕಾಟ: ದೂರು ಯಾರ ಮೇಲೆ?

ಪ್ರಶ್ನೆ: ನನ್ನ ಮಗ ಗದಗಿನ ಒಂದು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸ್ ಓದುತ್ತಿದ್ದಾನೆ. ಶಾಲೆಯ ಗಾಡಿಯಲ್ಲಿ ಒಂಬತ್ತನೇ ಕ್ಲಾಸಿನ ಮೂವರು ಹುಡುಗರು ದಿನಾ ಕಾಡುತ್ತಾರೆ. ಡಬ್ಬಿ ಚೆಲ್ಲುತ್ತಾರೆ, ನೋಟ್‌ಬುಕ್ ಹರಿಯುತ್ತಾರೆ. ಮೊನ್ನೆ ಇಳಿಯುವಾಗ ತಳ್ಳಿದರು, ಗದ್ದಕ್ಕೆ ಹೊಲಿಗೆ ಬಿದ್ದಿದೆ. ಅವರಲ್ಲೇ ಒಬ್ಬ ಅದನ್ನು ವಿಡಿಯೊ ಮಾಡಿ ಹಂಚಿದ್ದಾನೆ. ಹೆಡ್‌ಮಾಸ್ತರರಿಗೆ ಹೇಳಿದರೆ "ಹುಡುಗ್ರು ಅಂದಮ್ಯಾಲೆ ಇದೆಲ್ಲ ಇದ್ದದ್ದರೀ" ಅನ್ನುತ್ತಾರೆ. ನಮ್ಮ ಮನೆಯವರು ಆ ಹುಡುಗರನ್ನು ಒಳಗೆ ಹಾಕಿಸುತ್ತೇನೆ, ವಿಡಿಯೊ ಸ್ಟೇಟಸ್‌ಗೆ ಹಾಕುತ್ತೇನೆ ಅಂತ ಕುದಿಯುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಬೆಟಗೇರಿ

ಉತ್ತರ: ಮೊದಲು ಯಜಮಾನರ ಕೈಯಿಂದ ಆ ಮೊಬೈಲ್ ಇಸಿದುಕೊಳ್ಳಿ ತಾಯಿ. ವಿಡಿಯೊ ಅಳಿಸಬೇಡಿ, ಅದು ಸಾಕ್ಷಿ. ಸ್ಟೇಟಸ್‌ಗೆ ಮಾತ್ರ ಬೇಡ. ದೂರು ತನಿಖೆಗೆ ಬಂದ ಮೇಲೆ ಅದರಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ತಳ್ಳಿದವರ ಗುರುತು ಅಷ್ಟೇ ಅಲ್ಲ, ನಿಮ್ಮ ಮಗನದ್ದೂ ಸೇರಿತು.

ಇನ್ನು "ಒಳಗೆ ಹಾಕಿಸುವ" ಮಾತು. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಇಂಥ ಪ್ರಕರಣದಲ್ಲಿ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಆಗುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಬಾಲನ್ಯಾಯ ಮಂಡಳಿಗೆ, ಅಂದರೆ ತಪ್ಪು ಮಾಡಿದ ಮಕ್ಕಳ ಪ್ರಕರಣ ನೋಡುವ ಮಂಡಳಿಗೆ, ವರದಿ ಕಳಿಸುತ್ತಾರೆ. ಹೊಲಿಗೆ ಬಿದ್ದಿದೆ ಅಂದ ಮೇಲೆ ಠಾಣೆಗೆ ಹೋಗುವುದು ತಪ್ಪಲ್ಲ. ಆಸ್ಪತ್ರೆಯ ಚೀಟಿ ಜೊತೆಗಿರಲಿ. ಆದರೆ ನಾನು ಜಾಸ್ತಿ ಜೋರು ಹಾಕುವುದು ಶಾಲೆಯ ಮೇಲೆ. ಗಾಡಿ ಅವರದ್ದು, ಹತ್ತಿದ ಮೇಲೆ ಮಗು ಅವರ ಸುಪರ್ದಿಯಲ್ಲಿದೆ. ಸುಪರ್ದಿಯಲ್ಲಿರುವ ಮಗುವನ್ನು ಬೇಕಂತಲೇ ಕಡೆಗಣಿಸಿ ನೋವಾಗಲು ಬಿಟ್ಟರೆ ಅದೇ ಕಾಯ್ದೆಯ 75ನೇ ಕಲಂ ಇದೆ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರಾದರೆ 5 ವರ್ಷದವರೆಗೂ ಶಿಕ್ಷೆ.

"ಬೇಕಂತಲೇ" ಅನ್ನುವುದನ್ನು ತೋರಿಸುವುದು ಹೇಗೆ? ನನ್ನ ಹತ್ತಿರ ಬರುವ ತಂದೆತಾಯಿಗಳು "ಹತ್ತು ಸಲ ಹೇಳೇವ್ರೀ ಮೇಡಂ" ಅನ್ನುತ್ತಾರೆ. ಕೈಯಲ್ಲಿ ಒಂದು ಕಾಗದ ಇರುವುದಿಲ್ಲ. ಶಾಲೆಯವರು "ನಮ್ಮ ಗಮನಕ್ಕೇ ಬಂದಿಲ್ಲ" ಅಂದರೆ ಕಥೆ ಮುಗಿಯಿತು. ಅದಕ್ಕೇ ಹೆಡ್‌ಮಾಸ್ತರರಿಗೂ ಆಡಳಿತ ಮಂಡಳಿಗೂ ಬರೆದು ಕೊಡಿ. ಯಾವತ್ತು, ಎಲ್ಲಿ, ಏನಾಯಿತು, ಗಾಡಿಯಲ್ಲಿ ಯಾರಿದ್ದರು, ಅಷ್ಟೇ ಸಾಕು. ಬೈಗುಳ ಬೇಡ. ಗಾಡಿಯಲ್ಲಿ ಒಬ್ಬ ದೊಡ್ಡವರು ಇರಲಿ, ಆ ಹುಡುಗರ ಪಾಲಕರನ್ನು ಕರೆಸಿ, ಉತ್ತರ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಒಲ್ಲೆ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಈ ಪತ್ರಕ್ಕೇ ಎಷ್ಟೋ ಶಾಲೆಗಳು ಎಚ್ಚರಾಗುತ್ತವೆ, ಠಾಣೆಯ ಹೆಸರಿಗಲ್ಲ.

ಒಂದು ವಾರ ಕಾಯಿರಿ. ಉತ್ತರ ಬರದಿದ್ದರೆ ಅದೇ ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ಹೋಗಲಿ. ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳಿಸಿ, ಅದಕ್ಕೆ ವಕೀಲರು ಬೇಕಿಲ್ಲ. ನಡುವೆ ಮತ್ತೆ ಕೈ ಮಾಡಿದರೆ ವಾರ ಕಾಯಬೇಡಿ, 1098ಕ್ಕೆ ಫೋನ್ ಮಾಡಿ. ಮೈ ಮುಟ್ಟಬಾರದ ಕಡೆ ಮುಟ್ಟಿದ್ದಾರೆ ಅಂತ ಮಗ ಹೇಳಿದರೆ ದಾರಿಯೇ ಬೇರೆ. ಅದು ಪೋಕ್ಸೊ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ. ಶಾಲೆಗೆ ಪತ್ರ ಬರೆಯುತ್ತ ಕೂರಬೇಡಿ, ನೇರ ಠಾಣೆಗೆ ಹೋಗಿ.

ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ಗದಗಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅರ್ಜಿ ಮಗನ ಹೆಸರಿನಲ್ಲಿ ಇಲ್ಲವೇ ನಿಮ್ಮ ಹೆಸರಿನಲ್ಲಿ ಇರಲಿ, ಯಜಮಾನರ ಹೆಸರಿನಲ್ಲಿ ಬೇಡ. ಅವರಿಗಾದರೆ ಆದಾಯದ ಲೆಕ್ಕ ಕೇಳುತ್ತಾರೆ.