ಖಳರನ್ನು ಕರೆದಿರಿ, ಸರಿ. ಅವರು ಕೇಳಿದ್ದೇನು?

ನಮಸ್ಕಾರ. ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಗಳಿಕೆ ಮುಗಿದು ತೆಗಳಿಕೆ ಎಲ್ಲಿ ಶುರುವಾಗುತ್ತದೆ ಅಂತ ನೀವು ಹುಡುಕುತ್ತಾ ಕೂರುತ್ತೀರಿ. ಹಾಗಂತ ಸುಮ್ನೆ ವಾಪಸ್ ಕಳಿಸುವ ಕತೆಯೂ ಇದಲ್ಲ. ಇದೇ ಥರದ ಕತೆಗಳು ಈಚೆಗೆ ಜಾಸ್ತಿ ಬರುತ್ತಿವೆ. ಅದಕ್ಕೇ ನಿಮ್ಮ ಹೆಸರು ಬಿಟ್ಟು ಈ ಉತ್ತರವನ್ನು ಎಲ್ಲರಿಗೂ ಓದಲು ಕೊಡುತ್ತಿದ್ದೇನೆ.

ಉಳಿದ ಓದುಗರಿಗಾಗಿ ಕತೆ ಇಷ್ಟು. ಮಡಿಕೇರಿಯಲ್ಲಿ ಐದು ಜನ ಸೂಪರ್‌ಹೀರೋಗಳ ತಂಡವಿದೆ. ಆಕಾಶದಿಂದ ಒಂದು ಕಪ್ಪು ಶಕ್ತಿ ಇಳಿದು ಕಾವೇರಿಯ ನೀರನ್ನೆಲ್ಲ ಹೀರತೊಡಗುತ್ತದೆ. ಐವರ ಕೈಯಲ್ಲಿ ಅದನ್ನು ತಡೆಯಲು ಆಗುವುದಿಲ್ಲ. ಕೋಟೆಯ ನೆಲಮಾಳಿಗೆಯಲ್ಲಿ ತಾವೇ ಹಿಡಿದು ಹಾಕಿದ್ದ ಮೂವರು ಖಳರನ್ನು ಬಿಡಿಸುತ್ತಾರೆ. ಮುಟ್ಟಿದವರ ಬಲ ಹೀರುವ ಜಿಗಣೆ, ಕಣ್ಣು ಕಟ್ಟುವ ಮಂಜುಗಾರ, ಗುಡ್ಡ ಜಾರಿಸುವ ಬಿರುಕ. ಎಂಟೂ ಜನ ಸೇರಿ ಭಾಗಮಂಡಲದಲ್ಲಿ ಹೋರಾಡಿ ಗೆಲ್ಲುತ್ತಾರೆ.

ಜಿಗಣೆ ಒಳ್ಳೆಯ ಖಳ. ಮಳೆಗಾಲದಲ್ಲಿ ಏಲಕ್ಕಿ ತೋಟಕ್ಕೆ ಇಳಿದವರಿಗೆ ಅವನನ್ನು ಪರಿಚಯಿಸಬೇಕಾಗಿಯೇ ಇಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ಅವನು ಕೈಕುಲುಕಿ ಹೋದ ಎಷ್ಟೋ ಹೊತ್ತಿನ ಮೇಲೆ ಕಾವಲುಗಾರ ಕುಸಿದು ಬೀಳುವ ಪುಟವನ್ನು ನಾನು ಎರಡು ಸಲ ಓದಿದೆ. ಬರೆಯುವ ಕೈ ನಿಮಗಿದೆ.

ಕತೆ ಕೆಡುವುದು ಅದರ ಮುಂದಿನ ಪುಟದಲ್ಲಿ. ನಾಯಕ ನೆಲಮಾಳಿಗೆಗೆ ಇಳಿಯುತ್ತಾನೆ. "ನಾಡಿಗೆ ಅಪಾಯ ಬಂದಿದೆ, ಕೈ ಜೋಡಿಸಿ" ಅನ್ನುತ್ತಾನೆ. ಮೂವರೂ ತಲೆಯಾಡಿಸುತ್ತಾರೆ. ಅರ್ಧ ಪುಟದಲ್ಲಿ ಎಲ್ಲ ಮುಗಿಯಿತು. ಯಾಕ್ರೀ ತಲೆಯಾಡಿಸುತ್ತಾರೆ? ವರ್ಷಗಟ್ಟಲೆ ಕತ್ತಲಲ್ಲಿ ಇಟ್ಟವನು ಬಂದು ಸಹಾಯ ಕೇಳಿದರೆ ನಾನಾದರೆ ಮೊದಲು ನಗುತ್ತೇನೆ. ಆಮೇಲೆ ರೇಟು ಹೇಳುತ್ತೇನೆ.

ಖಳರನ್ನು ಕರೆದು ತರುವ ಕತೆಯಲ್ಲಿ ಮುಖ್ಯ ದೃಶ್ಯ ಯುದ್ಧವಲ್ಲ, ಈ ಚೌಕಾಶಿ. ಅವರಿಗೆ ಏನು ಸಿಗುತ್ತದೆ, ಅವರ ಹಗ್ಗ ಯಾರ ಕೈಯಲ್ಲಿರುತ್ತದೆ, ಹಗ್ಗ ಹರಿದರೆ ಏನು ಗತಿ. ಅಮೆರಿಕದ ಕಾಮಿಕ್ಸ್‌ನವರು ಇದನ್ನು ಚೆನ್ನಾಗಿ ಅರಗಿಸಿಕೊಂಡಿದ್ದಾರೆ. 1987ರಲ್ಲಿ ಹೊಸ ರೂಪದಲ್ಲಿ ಬಂದ 'ಸುಯಿಸೈಡ್ ಸ್ಕ್ವಾಡ್' ನೋಡಿ. ಜೈಲಿನಲ್ಲಿರುವ ಖಳರು ಸರ್ಕಾರದ ಗುಟ್ಟಿನ ಕೆಲಸ ಮಾಡಬೇಕು, ಬದುಕಿ ಬಂದರೆ ಶಿಕ್ಷೆಯಲ್ಲಿ ರಿಯಾಯಿತಿ. ಓಡಿಹೋಗದಂತೆ ಕೈಗೆ ಸಿಡಿಯುವ ಕಡಗ. ಶುರುವಿನ ಸಂಚಿಕೆಗಳಲ್ಲೇ ಕ್ಯಾಪ್ಟನ್ ಬೂಮರ್ಯಾಂಗ್ ಅನ್ನುವ ಖಳ ಜೊತೆಗಾರನಿಗೆ "ಈ ಕಡಗ ಬರೀ ಬೆದರಿಕೆ, ಏನೂ ಆಗಲ್ಲ" ಅಂತ ನಂಬಿಸುತ್ತಾನೆ. ಆ ಪೆದ್ದ ಓಡಿ ನೋಡುತ್ತಾನೆ, ಕೈ ಹೋಗುತ್ತದೆ. ಕಡಗ ನಿಜ ಅನ್ನುವುದೂ ಗೊತ್ತಾಯಿತು, ಬೂಮರ್ಯಾಂಗ್ ಎಂಥವನು ಅನ್ನುವುದೂ ಗೊತ್ತಾಯಿತು. ಓದುಗ ಮುಂದೆ ಯಾವತ್ತೂ ಅವನನ್ನು ನಂಬುವುದಿಲ್ಲ, ಆದರೆ ಅವನ ಮೇಲಿಂದ ಕಣ್ಣು ತೆಗೆಯುವುದೂ ಇಲ್ಲ.

ನಿಮ್ಮ ಖಳರಿಗೂ ಕಡಗ ತೊಡಿಸಿ ಅಂತ ನಾನು ಹೇಳುತ್ತಿಲ್ಲ. ಅದು ಅವರದ್ದು. ನಮ್ಮಲ್ಲಿ ನೋಡುವಂಥದ್ದು ಬೇರೆ ಇದೆ. ನಿಮ್ಮ ಕತೆಯಲ್ಲಿ ದುಬಾರೆಯ ಆನೆ ಶಿಬಿರ ಬರುತ್ತದೆ, ಆದರೆ ಹೊಡೆದಾಟಕ್ಕೆ ಮಾತ್ರ. ಹಿಂದೆ ಆನೆಗಳು ನಿಂತಿವೆ, ಯಾರೂ ತಿರುಗಿ ನೋಡುವುದಿಲ್ಲ! ತೋಟಕ್ಕೆ ನುಗ್ಗಿ ಜನರ ಜೀವ ತೆಗೆದ ಕಾಡಾನೆಯನ್ನು ಹಿಡಿಯಲು ಯಾರು ಹೋಗುತ್ತಾರೆ? ಒಂದು ಕಾಲದಲ್ಲಿ ಹಾಗೇ ಕಾಡಿನಿಂದ ಹಿಡಿದು ತಂದ ಇನ್ನೊಂದು ಆನೆ. ಅದನ್ನೂ ದಪ್ಪ ಮರದ ದಿಮ್ಮಿಗಳ ಕ್ರಾಲ್ ಅನ್ನುವ ದೊಡ್ಡಿಯಲ್ಲಿ ಕೂಡಿ ಹಾಕಿರುತ್ತಾರೆ. ಮಾವುತ, ಅವನ ಸಹಾಯಕ ಕಾವಾಡಿ ಅದರ ಪಕ್ಕದಲ್ಲೇ ಇದ್ದು ಕೈಯಾರೆ ತಿನ್ನಿಸಿ, ಮಾತಾಡಿಸಿ, ಗದರಿ ಪಳಗಿಸಿರುತ್ತಾರೆ. ಆಮೇಲೆ ಅದು ಕುಮ್ಕಿ ಆನೆ. ಆದರೂ ಮದ ಬಂದಾಗ ಅದೇ ಆನೆಯನ್ನು ಸರಪಳಿ ಹಾಕಿ ದೂರ ಕಟ್ಟುತ್ತಾರೆ. ಅಷ್ಟು ವರ್ಷ ಸಾಕಿದ ಮಾವುತನೂ ಆಗ ಹುಷಾರು.

(ಆನೆಯನ್ನು ಖಳ ಅನ್ನುತ್ತಿಲ್ಲ. ಅದರ ದಾರಿಗೆ ತೋಟ ಹಾಕಿ ಬೇಲಿ ಕಟ್ಟಿದವರು ನಾವು.)

ನಾಗರಹೊಳೆಯ ಬಳ್ಳೆ ಶಿಬಿರದ ಆನೆ ಅರ್ಜುನನ ಬದುಕನ್ನೇ ನೋಡಿ. 1996ರಲ್ಲಿ ಮಾವುತನೊಬ್ಬನ ಸಾವಿಗೆ ಕಾರಣವಾದ ಅಂತ ಅವನನ್ನು ದಸರಾದಿಂದ ದೂರ ಇಟ್ಟರು. ಅದೇ ಅರ್ಜುನ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಹತ್ತಿರ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ಜೊತೆ ಕಾದಾಡಿ ಸತ್ತ. ಅವನಿಗಾಗಿ ಜನ ಗೋಳಾಡಿ ಅತ್ತರು. ಕೊಂದವನು, ಹೊತ್ತವನು, ಸತ್ತವನು ಮೂವರೂ ಒಬ್ಬನೇ. ನಿಮ್ಮ ಮೂವರಲ್ಲಿ ಒಬ್ಬನಿಗಾದರೂ ಇಂಥ ಹಿಂದುಮುಂದು ಇದೆಯಾ? ಅವರಿಗೆ ಮದ ಬರುವ ತಿಂಗಳು ಯಾವುದು, ಆಗ ತಂಡ ಏನು ಮಾಡುತ್ತದೆ? ಮಂಜುಗಾರ ಹೊರಬಂದ ಎರಡೇ ಪುಟಕ್ಕೆ ಜೋಕು ಹೊಡೆಯುತ್ತಾ ಕಾಫಿ ಕೇಳುತ್ತಾನೆ. ಅಲ್ಲಿಗೆ ಅವನ ಭಯ ಹೋಯಿತು. ಭಯ ಹೋದ ಮೇಲೆ ಅವನು ಬರೀ ಆರನೇ ಹೀರೋ.

ಇನ್ನೊಂದು ವಿಷಯ. ನಿಮ್ಮ ತಂಡದಲ್ಲಿ ಒಬ್ಬರೂ ಬೇಡ ಅನ್ನುವುದಿಲ್ಲ. ವಿಭೀಷಣ ಬಂದಾಗ ಸುಗ್ರೀವ ನೇರವಾಗಿ ಬೇಡ ಅಂದ, ಕೊಲ್ಲೋಣ ಅಂತಲೂ ಅಂದ. ವಿಭೀಷಣನಂಥ ಸಜ್ಜನನಿಗೇ ಅಷ್ಟು ವಿರೋಧ ಬಂತು. ಜಿಗಣೆಗೆ ಬೇಡವಾ?

ಆ ವಿರೋಧ ಮಾಡುವವರು ಯಾರು ಅಂತ ನೀವೇ ಬರೆದಿದ್ದೀರಿ, ಬರೆದು ಮರೆತಿದ್ದೀರಿ. ಹನ್ನೊಂದನೇ ಪುಟ ತೆಗೆಯಿರಿ. ನೀರನ್ನು ಆಡಿಸುವ ನಿಮ್ಮ ಹುಡುಗಿಯ ಮನೆ ಬಿರುಕ ಜಾರಿಸಿದ ಗುಡ್ಡದಡಿ ಹೋಗಿದೆ. ತಾಯಿ ಅದರೊಳಗಿದ್ದಳು. ಈಗ ಅವನೇ ಪಕ್ಕದಲ್ಲಿ ನಿಂತಿದ್ದಾನೆ. ನೀವು ಬರೆದದ್ದು: "ಅವಳು ಹಲ್ಲು ಕಚ್ಚಿ ಸುಮ್ಮನಾದಳು." ಒಂದೇ ಸಾಲು! ಮುಂದಿನ ಸಾಲಿನಲ್ಲಿ ಜೀಪು ಹೊರಡುತ್ತದೆ.

2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತ ಕಂಡ ಜಿಲ್ಲೆಯಲ್ಲಿ ಕೂತು ಈ ಸಾಲು ಬರೆದಿದ್ದೀರಿ. ಜೋಡುಪಾಲ, ಮಕ್ಕಂದೂರು ಕಡೆಯವರು ಇದನ್ನು ಓದುತ್ತಾರೆ. ಗುಡ್ಡ ಜಾರುವುದು ಅವರಿಗೆ ಸೂಪರ್ ಪವರ್ ಅಲ್ಲ. ಹಾಗಂತ ಬಿರುಕನನ್ನು ತೆಗೆಯಬೇಡಿ. ಅವನೇ ನಿಮ್ಮ ಕತೆ. ಕಪ್ಪು ಶಕ್ತಿ, ಕಾವೇರಿ, ಭಾಗಮಂಡಲ ಎಲ್ಲ ಬದಿಗಿಟ್ಟು ಈ ಇಬ್ಬರನ್ನು ಒಂದು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ. ಸಂಪಾಜೆ ಘಾಟಿ ಇಳಿಯುವವರೆಗೆ ಅವರು ಮಾತಾಡಲಿ, ಅಥವಾ ಮಾತಾಡದೇ ಇರಲಿ. ಆ ವರ್ಷದ ಕುಸಿತಕ್ಕೆ ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದರು. ಬಿರುಕನಿಗೂ ಅದು ಗೊತ್ತಿರುತ್ತದೆ. "ನಾನು ತಳ್ಳಿದ್ದು ಒಂದು ಬೆರಳಷ್ಟು. ಬುಡ ಕಡಿದು ಇಟ್ಟವರು ಯಾರು?" ಅಂತ ಅವನು ಕೇಳಿದರೆ ಅವಳ ಹತ್ತಿರ ಉತ್ತರ ಏನಿದೆ? ಅವನು ಸುಳ್ಳು ಹೇಳುತ್ತಿಲ್ಲ, ಆದರೆ ಕೊಲೆಗಾರ ಹೌದು. ಅಲ್ಲಿ ಎರಡು ಪುಟ ನಿಲ್ಲಿ. ಓಡಬೇಡಿ.

ಕೊನೆಯ ಯುದ್ಧದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಪ್ಪು ಶಕ್ತಿ ಸಾಯುವುದು ನಾಯಕನ ಒಡಿಕತ್ತಿಯಿಂದ, ಅಂದರೆ ಕೊಡವರ ಅಗಲ ಕತ್ತಿಯಿಂದ. ಹಾಗಿದ್ದರೆ ಮೂವರನ್ನು ಬಿಡಿಸಿದ್ದು ಯಾಕೆ? ಖಳರಿಂದ ಮಾತ್ರ ಆಗುವ ಕೆಲಸ ಒಂದು ಇರಬೇಕು, ಅದು ಹೀರೋಗಳಿಗೆ ಮಾಡಲು ಹೇಸಿಗೆ ಅನ್ನಿಸುವಂಥದ್ದಾಗಿರಬೇಕು. ಜಿಗಣೆ ಎಲ್ಲರಿಗಾಗಿ ಪ್ರಾಣ ಬಿಡುವುದೂ ಬೇಡ. ಖಳನನ್ನು ತ್ಯಾಗದಲ್ಲಿ ಸಾಯಿಸಿಬಿಟ್ಟರೆ ಅವನ ಲೆಕ್ಕ ಚುಕ್ತಾ ಅಂತ ಲೇಖಕರು ಅಂದುಕೊಳ್ಳುತ್ತಾರೆ. ಮಾರನೇ ದಿನ ಅವನನ್ನು ಏನು ಮಾಡುವುದು ಅನ್ನುವ ಕಷ್ಟದ ಪ್ರಶ್ನೆಯಿಂದ ಜಾರಿಕೊಳ್ಳುವ ದಾರಿ ಅದು.

ಆ ಮಾರನೇ ದಿನದ ಕತೆ ಈ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ದೊಡ್ಡ ಅಪಾಯ ಅವನಿಗೆ ಮೈಸೂರಿನ ಕಡೆ ಕಾಣುತ್ತಿತ್ತು. ಕಂಪನಿಯ ಬಾಂಬೆ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೋಗಲು ಕೊಡಗಿನ ದಾರಿ ಬಿಟ್ಟುಕೊಟ್ಟ, ಸಾಮಾನು ಸರಂಜಾಮು ಒದಗಿಸಿದ. ಕೊಡಗಿನ ಸ್ವಾತಂತ್ರ್ಯ ಕಾಯುತ್ತೇವೆ ಅಂತ ಕಂಪನಿ ಮಾತು ಕೊಟ್ಟಿತ್ತು. 1834ರಲ್ಲಿ ಅದೇ ಕಂಪನಿಯ ಸೈನ್ಯ ಮಡಿಕೇರಿಗೆ ಬಂದು ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯ ತೆಗೆದುಕೊಂಡಿತು. ಕರೆದವನ ಅಂದಾಜು ಆ ಹೊತ್ತಿಗೆ ತಪ್ಪಲ್ಲ. ಬಂದವರು ಕೆಲಸ ಮುಗಿದ ಮೇಲೂ ಇಲ್ಲೇ ಇದ್ದರು, ಅಷ್ಟೇ. ನಿಮ್ಮ ಕತೆ ಭಾಗಮಂಡಲದಲ್ಲಿ ಮುಗಿಯುವ ಬದಲು ಗೆದ್ದ ಮರುದಿನ ಬೆಳಿಗ್ಗೆ ಕೋಟೆ ಬಾಗಿಲಲ್ಲಿ ಶುರುವಾದರೆ ಹೇಗೆ? ಮೂವರು ಹೊರಗೆ ನಿಂತಿದ್ದಾರೆ. ಒಳಗೆ ಹೋಗಿ ಅನ್ನುವವರು ಯಾರು?

ಸಣ್ಣ ಪುಟ್ಟದ್ದು. ರಾಜಾಸೀಟ್, ಅಬ್ಬಿ, ದುಬಾರೆ, ಭಾಗಮಂಡಲ ಅಂತ ಹೊಡೆದಾಟ ಟೂರಿಸ್ಟ್ ಬಸ್ಸಿನ ರೂಟಿನಲ್ಲೇ ಸಾಗುತ್ತದೆ. ಎರಡು ಜಾಗ ಸಾಕು. ಐವರು ಹೀರೋಗಳಲ್ಲಿ ಇಬ್ಬರು ಏನೂ ಮಾಡುವುದಿಲ್ಲ, ಬಿಟ್ಟುಬಿಡಿ. ಎಲ್ಲರೂ ಟೀವಿ ಸೀರಿಯಲ್ ಕನ್ನಡ ಮಾತಾಡುತ್ತಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಒಂದೇ ಸಂತೆಯಲ್ಲಿ ಕೇಳುವ ಊರು ಇದು. ಖಳರ ಬಾಯಲ್ಲಾದರೂ ಒಂದಷ್ಟು ಬರಲಿ.

ಇಡೀ ಕತೆ ತಿದ್ದಿ ಕಳಿಸುವುದು ಸದ್ಯಕ್ಕೆ ಬೇಡ. ನೆಲಮಾಳಿಗೆಯ ಚೌಕಾಶಿ ಮತ್ತು ಜೀಪಿನ ದೃಶ್ಯ, ಎರಡೇ ಬರೆದು ಕಳಿಸಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಕಳೆದ ಸಲ ಅರ್ಧ ಒತ್ತಕ್ಷರಗಳು ಚೌಕಗಳಾಗಿ ಬಂದಿದ್ದವು. ಡಿಸೆಂಬರ್‌ಗೆ ಮುಂಚೆ ಕಳಿಸಿದರೆ ಒಳ್ಳೆಯದು. ಕಾಫಿ ಕೊಯ್ಲು ಶುರುವಾದ ಮೇಲೆ ನಮ್ಮಲ್ಲಿ ಹಸ್ತಪ್ರತಿ ಓದುವವರು ಯಾರೂ ಸಿಗುವುದಿಲ್ಲ.